ಸಾಲಕ್ಕೆ ಹೆದರಿ ಊರು ಬಿಡಬೇಡಿ

(ಬೆಳ್ಳಿಹಬ್ಬದ ಸದಸ್ಯರ ಸಮಾವೇಶದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನ ಸಾಲ ವಸೂಲಿಯವರ ಕಾಟದ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಸಹಕಾರ ಚಳವಳಿ ಹುಟ್ಟಿದ್ದೇ ಈ ಕಾಟದಿಂದ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ರೈತ ಸಾಹುಕಾರನ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬಾರದು ಎಂಬುದೇ ಅದರ ಹಿಂದಿನ ಆಸೆ. ಇಂದು ಸಾಹುಕಾರನ ವೇಷ ಬದಲಾಗಿದೆ. ಬೈಕಿನಲ್ಲಿ ಬರುತ್ತಾನೆ, ಮೊಬೈಲಿನಲ್ಲಿ ಲೆಕ್ಕ ತೋರಿಸುತ್ತಾನೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ವಸೂಲಿಯವರಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಜೀವವನ್ನೇ ಕಳೆದುಕೊಂಡರು ಎಂಬುದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ.

ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಸಂಘದ ಮೊದಲ ವರ್ಷಗಳಲ್ಲಿ ನಾವು ಸುಸ್ತಿದಾರರ ಹೆಸರನ್ನು ಕರಿಹಲಗೆಯ ಮೇಲೆ ಬರೆದು ಕಚೇರಿ ಬಾಗಿಲಲ್ಲಿ ನಿಲ್ಲಿಸುತ್ತಿದ್ದೆವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಆಗಬಾರದು ಅಂತ ನಮ್ಮ ವಾದ. ಒಬ್ಬ ಸದಸ್ಯರ ಮಗಳನ್ನು ನೋಡಲು ಬಂದ ಬೀಗರು ಆ ಹಲಗೆ ಓದಿಕೊಂಡು ಹೋದರು. ಸಂಬಂಧ ಮುರಿಯಿತು. ಮೂರೇ ದಿನದಲ್ಲಿ ಆ ಸದಸ್ಯರು 18,000 ರೂಪಾಯಿ ಬಾಕಿಯನ್ನು ತಂದು ನಮ್ಮ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹೊರಟುಹೋದರು. ದುಡ್ಡು ಎಲ್ಲಿಯದು? ಪೇಟೆಯ ಕೈಸಾಲ, ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ. ಎರಡು ವರ್ಷಕ್ಕೆ ಬಡ್ಡಿಯೇ 21,600 ರೂಪಾಯಿ ಆಯಿತು. ಕೊನೆಗೆ ಗದ್ದೆ ಮಾರಿದರು. ನಮ್ಮ ಪುಸ್ತಕದಲ್ಲಿ ಮಾತ್ರ ‘ಪೂರ್ಣ ವಸೂಲಿ’ ಅಂತ ಬರೆದುಕೊಂಡೆವು. ಆ ಹಲಗೆಯನ್ನು ಆಮೇಲೆ ತೆಗೆದೆವು. ಆ ಹಿರಿಯರು ಈಗ ಇಲ್ಲೇ ಕೂತಿದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇವೆ. ಅಂದು ನಾವು ಕಲಿತ ಪಾಠ ಇಷ್ಟೇ: ಮನೆ ಹಾಳು ಮಾಡುವುದು ಸಾಲವಲ್ಲ, ಸಾಲವನ್ನು ಮುಚ್ಚಿಡುವಂತೆ ಮಾಡುವ ನಾಚಿಕೆ.

ಈಗ ವಿಷಯಕ್ಕೆ ಬರೋಣ. ವಸೂಲಿಯವರು ಮನೆಗೆ ಬಂದರೆ ಏನು ಮಾಡಬೇಕು?

ಹೋದ ವರ್ಷ ನಮ್ಮೂರಿನ ಒಬ್ಬ ತಾಯಿಯ ಜಗಲಿಯ ಮೇಲೆ ರಾತ್ರಿ ಎಂಟು ಗಂಟೆಗೆ ಇಬ್ಬರು ಬಂದು ಕೂತರು. “ದುಡ್ಡು ಕಟ್ಟೋ ತನಕ ಏಳೋದಿಲ್ಲ ಕಣಮ್ಮ” ಅಂದರು. ಆ ತಾಯಿ ನಮ್ಮ ಕಾರ್ಯದರ್ಶಿಗೆ ಹೇಳಿಕಳಿಸಿದರು. ಕಾರ್ಯದರ್ಶಿ ಹೋಗಿ ಜಗಳ ಆಡಲಿಲ್ಲ. “ಸ್ವಾಮಿ, ನಿಮ್ಮ ಗುರುತಿನ ಚೀಟಿ ತೋರಿಸಿ, ಕಂಪನಿ ಕೊಟ್ಟ ಪತ್ರ ತೋರಿಸಿ” ಅಂತ ಕೇಳಿದರು, ಅಷ್ಟೆ. ಎರಡೂ ಇರಲಿಲ್ಲ. ಎದ್ದು ಹೋದರು.

ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟವಾಗಿದೆ. ಬಾಕಿ ಸಾಲಕ್ಕಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಈ ಸಾಲದ ಕಂತನ್ನು ಇಬ್ಬರೂ ಒಪ್ಪಿದ ಜಾಗದಲ್ಲೇ ವಸೂಲು ಮಾಡಬೇಕು. ಸಾಲ ಪಡೆದವರು ಅಲ್ಲಿಗೆ ಒಂದರ ಹಿಂದೊಂದು ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಯುವುದು, ಬೆದರಿಸುವುದು, ನೆಂಟರಿಗೆ ಫೋನು ಮಾಡಿ ಮಾನ ಕಳೆಯುವುದು, ಹೆಸರು ಬಹಿರಂಗ ಮಾಡುವುದು ಯಾವುದಕ್ಕೂ ಅವಕಾಶವಿಲ್ಲ. ಬಂದವರ ಹೆಸರು, ದಿನ, ವೇಳೆ ಬರೆದಿಟ್ಟುಕೊಳ್ಳಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲು ಆ ಕಂಪನಿಗೋ ಬ್ಯಾಂಕಿಗೋ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹೋಗಬಹುದು, ಖರ್ಚಿಲ್ಲ. ವಿವರ ಕೇಳಲು 14448ಕ್ಕೆ ಫೋನು ಮಾಡಿ. ಹೊಡೆತ ಬಡಿತ, ಬೆದರಿಕೆ ಅಂದರೆ ಆಗ ಕಾಯುವುದು ಬೇಡ, ನೇರ ಪೊಲೀಸರ ಬಳಿ ಹೋಗಿ. ನೋಂದಣಿ ಇಲ್ಲದೆ ಬಡ್ಡಿ ವ್ಯವಹಾರ ಮಾಡಿ, ಬಲವಂತದಿಂದ ವಸೂಲು ಮಾಡುವವರ ವಿರುದ್ಧ ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಅಧ್ಯಾದೇಶ ತಂದಿತು, ಆಮೇಲೆ ಅದಕ್ಕೆ ಶಾಸನಸಭೆಯ ಒಪ್ಪಿಗೆಯೂ ಸಿಕ್ಕಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಉಂಟು.

“ಎತ್ತು ಹೊಡಕೊಂಡು ಹೋಗ್ತಾರೆ, ತಾಳಿ ಬಿಚ್ಚಿಸ್ತಾರೆ” ಅಂತ ಹೆದರುವವರಿದ್ದಾರೆ. ಕೇಳಿ. ಮನೆಯ ಸಾಮಾನನ್ನು ಜಪ್ತಿ ಮಾಡಲು ಕಾನೂನಿನ ಆದೇಶ ಬೇಕು. ಬೈಕಿನಲ್ಲಿ ಬಂದ ಹುಡುಗನಿಗೆ ಆ ಅಧಿಕಾರ ಇಲ್ಲ. ಸಿವಿಲ್ ಕೋರ್ಟಿನ ಜಪ್ತಿಗೂ ಮಿತಿ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಧರ್ಮದ ರೂಢಿಯಂತೆ ಹೆಂಗಸರು ತೆಗೆಯಬಾರದ ಒಡವೆ, ಕಸುಬಿನವರ ಉಪಕರಣ, ರೈತನ ಉಳುಮೆ ಸಲಕರಣೆ, ಬೇಸಾಯಕ್ಕೆ ಬೇಕಾದ ದನ, ಬಿತ್ತನೆ ಕಾಳು ಇವನ್ನು ಜಪ್ತಿ ಮಾಡುವಂತಿಲ್ಲ. ಆದರೆ ಟ್ರ್ಯಾಕ್ಟರನ್ನೋ ಒಡವೆಯನ್ನೋ ನೀವೇ ಆಧಾರವಾಗಿ ಬರೆದುಕೊಟ್ಟು ಸಾಲ ತಂದಿದ್ದರೆ ಆ ಮಾತು ಬೇರೆ. ಇದನ್ನು ಕೇಳಿ ‘ಸಾಲ ಕಟ್ಟೋದೇ ಬೇಡ’ ಅಂತ ಯಾರೂ ತಿಳಿಯಬಾರದು. ಸಾಲ ಸಾಲವೇ. ಕಾನೂನು ಕಾಯುವುದು ನಿಮ್ಮ ಮಾನವನ್ನು, ಬಾಕಿಯನ್ನಲ್ಲ.

ಇನ್ನು ಸಿಬಿಲ್ ವಿಚಾರ. ಹಿಂದೆ ಊರಿನ ನಾಲಿಗೆಯ ಮೇಲೆ ನಮ್ಮ ನಂಬಿಕೆ ಇರುತ್ತಿತ್ತು. ಈಗ ಅದು ಕಂಪ್ಯೂಟರಿನಲ್ಲೂ ಇದೆ. 300ರಿಂದ 900ರವರೆಗೆ ಅಂಕ ಕೊಡುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ನಮ್ಮ ಒಬ್ಬ ಸದಸ್ಯರು ಜೀವಮಾನದಲ್ಲಿ ಒಂದು ಕಂತೂ ತಪ್ಪಿಸಿದವರಲ್ಲ. ಮಗನ ಓದಿಗೆ ಸಾಲ ಕೇಳಲು ಹೋದರೆ ಬ್ಯಾಂಕಿನವರು “ನಿಮ್ಮ ಹೆಸರಲ್ಲಿ ಬಾಕಿ ಇದೆಯಲ್ಲ ಯಜಮಾನರೇ” ಅಂದರು. ನೋಡಿದರೆ, ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಜಾಮೀನು! ಜಾಮೀನು ಅಂದರೆ ಬರೀ ಸಾಕ್ಷಿಯ ರುಜು ಅಲ್ಲ. ಸಾಲ ತೆಗೆದವನಷ್ಟೇ ಹೊಣೆ ಜಾಮೀನುದಾರನಿಗೂ ಉಂಟು ಅಂತ 1872ರ ಕರಾರು ಕಾಯ್ದೆಯೇ ಹೇಳುತ್ತದೆ. ನೆಂಟಸ್ತಿಕೆಗೆ ರುಜು ಹಾಕುವ ಮುನ್ನ ನಾಲ್ಕು ಸಲ ಯೋಚಿಸಿ.

ಇಂಥ ಅಂಕಪಟ್ಟಿ ಕೊಡುವ ಸಂಸ್ಥೆಗಳು ದೇಶದಲ್ಲಿ ನಾಲ್ಕು ಇವೆ. ಪ್ರತಿಯೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆಯಾಗಿ ಸಿಗುತ್ತದೆ. ಓದುಬರಹ ಬಲ್ಲ ಮಕ್ಕಳ ಕೈಲಿ ತೆಗೆಸಿ ನೋಡಿ. ತೀರಿಸಿದ ಸಾಲವೂ ಬಾಕಿ ಅಂತ ಇದ್ದರೆ ತಿದ್ದಿಸಲು ದೂರು ಕೊಡಿ. 30 ದಿನದೊಳಗೆ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಬ್ಯಾಂಕಿನವರು “ಇಷ್ಟು ಕಟ್ಟಿ, ಉಳಿದದ್ದು ಬಿಡ್ತೀವಿ” ಅಂದರೆ ವರದಿಯಲ್ಲಿ ‘ಪೂರ್ತಿ ತೀರಿದೆ’ ಅಂತ ಬರುವುದಿಲ್ಲ, ‘ರಾಜಿಯಾಗಿದೆ’ ಅಂತ ಬರುತ್ತದೆ. ಮುಂದಿನ ಸಾಲಕ್ಕೆ ಅದು ಅಡ್ಡಿ. ಸಾಲ ತೀರಿದ ದಿನವೇ ಬೇಬಾಕಿ ಪತ್ರ ಕೇಳಿ ಪಡೆಯಿರಿ. ಬ್ಯಾಂಕು, ಫೈನಾನ್ಸಿನವರು ಆಸ್ತಿಯ ಮೂಲ ಪತ್ರಗಳನ್ನು 30 ದಿನದಲ್ಲಿ ಹಿಂದಿರುಗಿಸಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು.

ಕಡೆಯದಾಗಿ ಒಂದು ಮಾತು. ಆ ಜಗಲಿಯ ತಾಯಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮರುದಿನ ಅವರು ಕಚೇರಿಗೆ ಬಂದರು. ಸೆರಗಿನಲ್ಲಿ ಕಟ್ಟಿ ತಂದಿದ್ದ ಮೂರು ಪಾಸ್‌ಬುಕ್ಕುಗಳನ್ನು ಬಿಚ್ಚಿಟ್ಟರು. ಒಂದನ್ನು ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. ಗಂಡನಿಗೂ ಗೊತ್ತಿರಲಿಲ್ಲ. ನಾವು ಅವರ ಸಾಲ ತೀರಿಸಲಿಲ್ಲ. ನಮಗೆ ಆ ಶಕ್ತಿಯೂ ಇಲ್ಲ. ಗಂಡ ಹೆಂಡಿರಿಬ್ಬರನ್ನೂ ಕೂರಿಸಿ ಲೆಕ್ಕ ಬರೆದೆವು. ಯಾವುದಕ್ಕೆ ಬಡ್ಡಿ ಹೆಚ್ಚು, ಹಾಲಿನ ಬಟವಾಡೆಯಲ್ಲಿ ಎಷ್ಟು ಉಳಿದೀತು, ಯಾರ ಹತ್ತಿರ ಕಂತು ಇಳಿಸಲು ಕೇಳಬಹುದು ಅಂತ ನೋಡಿದೆವು. ಅರ್ಜಿಗಳನ್ನು ನಾವೇ ಬರೆದುಕೊಟ್ಟೆವು. ಎರಡು ಕಂಪನಿಯವರು ಕಂತು ಇಳಿಸಿದರು, ಒಬ್ಬರು ಒಪ್ಪಲಿಲ್ಲ. ಇಂದಿಗೆ ಒಂದು ಸಾಲ ತೀರಿದೆ, ಎರಡು ನಡೆಯುತ್ತಿವೆ. ಆ ಮನೆಗೆ ಬೀಗ ಬಿದ್ದಿಲ್ಲ.

ಅದಕ್ಕೇ ನಮ್ಮ ಪ್ರಾರ್ಥನೆ: ಬೆಳೆ ಹೋಯಿತೇ, ಮನೆಯಲ್ಲಿ ಕಾಯಿಲೆಯೇ, ಗಡುವಿಗೆ ಮೊದಲೇ ಬಂದು ಹೇಳಿ. ಬಡ್ಡಿಯಿಲ್ಲದ ಬೆಳೆ ಸಾಲದ ಸವಲತ್ತು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ದಾಟಿದ ಮೇಲೆ ನಮ್ಮ ಕೈಯೂ ಕಟ್ಟಿಹೋಗುತ್ತದೆ. ಒಂದು ಸಾಲ ತೀರಿಸಲು ಹೆಚ್ಚು ಬಡ್ಡಿಯ ಇನ್ನೊಂದನ್ನು ತರಬೇಡಿ. ಮೊಬೈಲಿನಲ್ಲಿ ಐದೇ ನಿಮಿಷಕ್ಕೆ ಸಾಲ ಕೊಡುವವರಿಗೆ ನಿಮ್ಮ ಫೋನಿನ ಹೆಸರು ಪಟ್ಟಿ, ಫೋಟೋ ತೆರೆದುಕೊಡಬೇಡಿ. ಅದನ್ನು ಅವರು ಕೇಳುವಂತೆಯೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಹಿರಿಯರು ಹೇಳಿದರು. ಚಾಚಿದ ಕಾಲು ಹೊರಗೆ ಬಂದಿದ್ದರೂ ಚಿಂತೆಯಿಲ್ಲ, ಬಂದು ಹೇಳಿ, ಮಡಚಿಕೊಳ್ಳುವ ದಾರಿ ಸೇರಿ ಹುಡುಕೋಣ.

ಕರಿಹಲಗೆ ನಿಲ್ಲಿಸುತ್ತಿದ್ದ ಜಾಗದಲ್ಲಿ ಈಗ ಒಂದು ಬೆಂಚು ಇದೆ. ಸಾಲದ ಚಿಂತೆ ಇದ್ದವರು ಬಂದು ಅಲ್ಲಿ ಕೂತುಕೊಳ್ಳಿ. ನಾವು ಒಳಗೆ ಕರೆದು ಮಾತಾಡುತ್ತೇವೆ, ಬಾಗಿಲು ಮುಂದೆ ಮಾಡಿಕೊಂಡು.

ಜೈ ಸಹಕಾರ!