ಓದಲಾಗದ ಕಾಗದಕ್ಕೆ ಸಹಿ ಏಕೆ?



ನವಲಗುಂದದಲ್ಲೋ ಅಣ್ಣಿಗೇರಿಯಲ್ಲೋ ನಿಮ್ಮಪ್ಪನ ಕಾರಿನ ಟಚ್ ಸ್ಕ್ರೀನು ಕಪ್ಪಾಯಿತೆನ್ನಿ. ಹಾಡಿಲ್ಲ, ದಾರಿ ತೋರುವ ಮ್ಯಾಪಿಲ್ಲ, ರಿವರ್ಸ್ ಕ್ಯಾಮೆರಾ ಇಲ್ಲ. ಹುಬ್ಬಳ್ಳಿಯ ಷೋರೂಮಿಗೆ ಹೋದರೆ ಒಂದೇ ಮಾತು: "ಪೂರಾ ಸೆಟ್ಟೇ ಬದ್ಲಿ ಮಾಡ್ಬೇಕ್ರಿ." ಕೆಟ್ಟದ್ದು ಫ್ಯೂಸೋ, ವೈರೋ, ಸಾಫ್ಟ್‌ವೇರೋ? ಹೇಳುವವರಿಲ್ಲ. ಮುಂದೆ ಹಿಡಿಯುವುದು ಇಂಗ್ಲಿಷ್ ಜಾಬ್ ಕಾರ್ಡು! ಓದಲಾಗದ ಕಾಗದಕ್ಕೆ ರೈತ ಏಕೆ ಸಹಿ ಹಾಕಬೇಕು?

ಇದು ನಮ್ಮೂರಿನ ಗೋಳಷ್ಟೇ ಅಲ್ಲ. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಓಡಿದವು, ಅದು ಬೇರೆ ಮಾತು.

ನೀವು ಬೆಂಗಳೂರಿನಲ್ಲಿ ಕುಳಿತೇ ಅಪ್ಪನ ಬೆನ್ನಿಗೆ ನಿಲ್ಲಬಹುದು. ಏನು ಕೆಟ್ಟಿದೆ, ಸಾಮಾನಿಗೆಷ್ಟು, ಕೂಲಿಯೆಷ್ಟು, ವಾರಂಟಿ ಏಕಿಲ್ಲ ಎಂದು ಕನ್ನಡದಲ್ಲೇ ಬರೆದು ಕೇಳಿ. ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿ, ಕನ್ನಡದಲ್ಲೇ ಮಾತಾಡಿ. ಅದಕ್ಕೂ ಜಗ್ಗದಿದ್ದರೆ ಧಾರವಾಡದಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಂತೆ ನಿಮ್ಮಪ್ಪ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಚೆನ್ನೈಯಲ್ಲಿರಲಿ, ದಿಲ್ಲಿಯಲ್ಲಿರಲಿ!