ಆಕಾಶದ ಮನೆಗೆ ಯಜಮಾನರು ಯಾರು?

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



1979ರ ಜುಲೈ ತಿಂಗಳಲ್ಲಿ ನಾನು ಪ್ರಾಥಮಿಕ ಶಾಲೆಯ ವಿದ್ಯಾರ್ಥಿನಿ. ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ಭೂಮಿಗೆ ಬೀಳಲಿದೆಯೆಂಬ ಸುದ್ದಿ ಹಬ್ಬಿ, ನಮಗೆಲ್ಲ ಅಂಗಳಕ್ಕಿಳಿಯಲೂ ಭಯ. ಕೊನೆಗೆ ಅದರ ಚೂರುಗಳು ಪಶ್ಚಿಮ ಆಸ್ಟ್ರೇಲಿಯದ ಕಡೆ ಬಿದ್ದವು. ಆಕಾಶದಲ್ಲಿಯೂ ಮನುಷ್ಯನ ಮನೆಗಳಿವೆ, ಅವುಗಳಿಗೂ ಆಯುಷ್ಯವಿದೆ ಎಂಬುದನ್ನು ನಾನು ಕಲಿತದ್ದು ಹೀಗೆ.

ಇಂದು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಆಯುಷ್ಯವೂ ಮುಗಿಯುತ್ತ ಬಂದಿದೆ. 15 ರಾಷ್ಟ್ರಗಳು ಕೂಡಿ ಕಟ್ಟಿದ ಈ ಮನೆ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, 90 ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುತ್ತಿದೆ. 2000ದ ನವೆಂಬರದಿಂದ ಅಲ್ಲಿ ಜನವಾಸ ಒಂದು ದಿನವೂ ತಪ್ಪಿಲ್ಲ. 2030ರ ಬಳಿಕ ಅದನ್ನು ಕೆಳಗಿಳಿಸುವುದು ನಾಸಾದ ಯೋಜನೆ. ಅದಕ್ಕೆ ಬೇಕಾದ ನೌಕೆಯ ನಿರ್ಮಾಣವನ್ನು 2024ರಲ್ಲಿ ಸ್ಪೇಸ್‌ಎಕ್ಸ್ ಕಂಪೆನಿಗೆ ವಹಿಸಲಾಗಿದೆ.

ಮುಂದಿನ ಮನೆಯನ್ನು ತಾನೇ ಕಟ್ಟಲು ನಾಸಾ ಬಯಸುತ್ತಿಲ್ಲ. ಈಗಿನ ನಿಲ್ದಾಣಕ್ಕೆ ಅದು ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ವ್ಯಯಿಸುತ್ತದೆ. ಆ ಹಣ ಚಂದ್ರಯಾತ್ರೆಗೂ ಬೇಕಾಗಿದೆ. ಆದುದರಿಂದ ಖಾಸಗಿಯವರು ಕಟ್ಟಲಿ, ನಾವು ಬಾಡಿಗೆದಾರರಾಗೋಣ ಎಂಬ ನೀತಿಯನ್ನು ಅದು ಹಿಡಿದಿದೆ. ಆಕ್ಸಿಯಮ್ ಸ್ಪೇಸ್ ತನ್ನ ಕೋಣೆಯನ್ನು ಮೊದಲು ಈಗಿನ ನಿಲ್ದಾಣಕ್ಕೆ ಜೋಡಿಸಿ ಆಮೇಲೆ ಬೇರ್ಪಡಿಸಲು ಹೊರಟಿದೆ. ವಾಸ್ಟ್ ಎಂಬ ಕಂಪೆನಿ ಹೇವನ್-1 ಎಂಬ ಪುಟ್ಟ ನಿಲ್ದಾಣವನ್ನು ಸಜ್ಜುಗೊಳಿಸುತ್ತಿದೆ. ಸ್ಟಾರ್‌ಲ್ಯಾಬ್, ಆರ್ಬಿಟಲ್ ರೀಫ್ ಎಂಬ ಯೋಜನೆಗಳೂ ಇವೆ.

ಈ ಉತ್ಸಾಹದ ನಡುವೆ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. ಹೋಟೆಲ್ ಉದ್ಯಮಿ ರಾಬರ್ಟ್ ಬಿಗೆಲೋ ಅವರ ಕಂಪೆನಿ, ಗಾಳಿ ತುಂಬಿದರೆ ಹಿಗ್ಗುವ ಕೋಣೆಗಳನ್ನು ರೂಪಿಸಿ 2006 ಮತ್ತು 2007ರಲ್ಲಿ ಕಕ್ಷೆಗೆ ಕಳುಹಿಸಿತು. 2016ರಲ್ಲಿ ಅಂಥದೊಂದು ಕೋಣೆ ಅಂತಾರಾಷ್ಟ್ರೀಯ ನಿಲ್ದಾಣಕ್ಕೇ ಸೇರಿತು. ಆದರೆ 2020ರಲ್ಲಿ ಆ ಕಂಪೆನಿ ತನ್ನ ಕೆಲಸಗಾರರೆಲ್ಲರನ್ನೂ ಬಿಡುಗಡೆ ಮಾಡಿತು. ಕಂಪೆನಿ ನಿಂತರೂ ಕೋಣೆ ಉಳಿಯಿತು. ಅದನ್ನು ಆಧರಿಸಿದ್ದು ಸಾರ್ವಜನಿಕವಾದ ದೊಡ್ಡ ಮನೆ. ನಾಳೆ ಆ ದೊಡ್ಡ ಮನೆಯೇ ಇಲ್ಲವಾದಾಗ ಆಸರೆ ಯಾರು?

2025ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಆಕ್ಸಿಯಮ್ ಯಾತ್ರೆಯಲ್ಲಿ ಆ ನಿಲ್ದಾಣವನ್ನು ಸೇರಿದರು. ಯಾತ್ರೆ ಖಾಸಗಿ, ನೌಕೆಯೂ ಖಾಸಗಿ. ಅವರ ಆಸನದ ವೆಚ್ಚ ಭಾರತ ಸರಕಾರದ್ದು. ಅವರು ಅಲ್ಲಿ ಮೊಳೆಯಿಸಿದ ಹೆಸರು ಮತ್ತು ಮೆಂತ್ಯದ ಬೀಜಗಳ ಪ್ರಯೋಗವನ್ನು ರೂಪಿಸಿದವರು ಧಾರವಾಡದ ವಿಜ್ಞಾನಿಗಳು. ಮೆಂತ್ಯ ಮೊಳೆತರೆ ಯಾವ ಕಂಪೆನಿಗೂ ತತ್‌ಕ್ಷಣದ ಲಾಭವಿಲ್ಲ. ಅಂಥ ಪ್ರಯೋಗಕ್ಕೆ ನಾಳಿನ ಬಾಡಿಗೆಮನೆಯಲ್ಲಿ ಜಾಗವಿರಬೇಕಾದರೆ ಸಾರ್ವಜನಿಕ ಹಣವೂ ಸಾರ್ವಜನಿಕ ಕರಾರೂ ಬೇಕು.

ಖಾಸಗಿ ಎಂದೊಡನೆ ಸಂಶಯಪಡುವವಳು ನಾನಲ್ಲ. ನಮ್ಮ ಶಾಲೆಯೇ ಖಾಸಗಿ ಕೈ ಕಟ್ಟಿದ್ದು. ನೂರು ವರ್ಷಗಳ ಹಿಂದೆ ಊರ ಹಿರಿಯರೊಬ್ಬರು ತಮ್ಮ ಸ್ವಂತ ಜಾಗದಲ್ಲಿ ಮುಳಿಹುಲ್ಲಿನ ಸೂರು ಹಾಕಿ ಇದನ್ನು ಆರಂಭಿಸಿದರು. ಇಂದಿಗೂ ಕಟ್ಟಡ ವ್ಯವಸ್ಥಾಪಕರದು, ಅಧ್ಯಾಪಕರ ವೇತನ ಸರಕಾರದ್ದು. ಆ ಅನುದಾನದೊಂದಿಗೆ ನಿಯಮಗಳೂ ಬಂದವು; ಶುಲ್ಕ ಕೊಡಲಾಗದ ಮಗುವಿಗೂ ಇಲ್ಲಿ ಬೆಂಚು ಉಳಿಯಿತು. ಬರೀ ಲಾಭನಷ್ಟದ ಲೆಕ್ಕವೇ ಆಗಿದ್ದರೆ ಈ ಗಡಿನಾಡಿನಲ್ಲಿ ಕನ್ನಡದ ತರಗತಿ ಎಂದೋ ಮುಚ್ಚುತ್ತಿತ್ತು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ ಪ್ರತಿ ಜೂನ್ ತಿಂಗಳೂ ಆ ಆತಂಕ ನನ್ನನ್ನು ಕಾಡುತ್ತದೆ. ಆದುದರಿಂದ ಆಕಾಶದ ಮನೆಯನ್ನು ಕುರಿತೂ ನಾನು ಕೇಳುವುದು, ಕಟ್ಟುವವರು ಯಾರೆಂಬುದಕ್ಕಿಂತ ಹೆಚ್ಚಾಗಿ, ಒಳಗೆ ಯಾರಿಗೆ ಪ್ರವೇಶವಿದೆ ಎಂಬುದನ್ನು.

ಮಕ್ಕಳೇ, ಮುಸ್ಸಂಜೆಯ ತಿಳಿಯಾದ ಬಾನಿನಲ್ಲಿ, ಮಿಣುಕದೆ ಸಾಗುವ ಬೆಳಕೊಂದು ಕಂಡೀತು. ಅದು ಆ ನಿಲ್ದಾಣವೇ ಇರಬಹುದು. ಅದು ಇರುವಷ್ಟು ಕಾಲ ನೋಡಿಕೊಳ್ಳಿ. ಅದರ ಬಳಿಕ ಬರುವ ಮನೆಗಳಲ್ಲಿ ನಿಮ್ಮ ಪ್ರಶ್ನೆಗಳಿಗೂ ಒಂದು ಮೂಲೆ ದೊರೆಯಲಿ ಎಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.