ಆಪತ್ಕಾಲದ ಹಣ ಎಲ್ಲಿರಬೇಕು?



2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ಕಂಪೆನಿ ಬಾಗಿಲು ಮುಚ್ಚಿದಾಗ, ಕಾಯಿಲೆ ಕಸಾಲೆಗೆಂದು ಬಡ ಕುಟುಂಬಗಳು ಕೂಡಿಟ್ಟಿದ್ದ ಹಣವೂ ಅದರೊಳಗೇ ಸಿಲುಕಿತು. ಬಡ್ಡಿಗೆ ಅಂಜಿದವರನ್ನು ‘ಹಲಾಲ್’ ಎಂಬ ಫಲಕ ಸೆಳೆದಿತ್ತು. ಆಪತ್ಕಾಲದ ಹಣದಿಂದ ನಾವು ಲಾಭ ನಿರೀಕ್ಷಿಸಬೇಕಾಗಿಲ್ಲ. ಬೇಕಾದ ದಿನ ಅದು ಕೈಗೆ ಸಿಕ್ಕರೆ ಸಾಕು.

ಪತ್ತಿನ ಸಹಕಾರಿ ಸಂಘವು ನಮ್ಮ ನೆರೆಹೊರೆಯವರದೇ ಆಗಿರಬಹುದು, ಸಾಲಕ್ಕೆ ಆಸರೆಯೂ ಆದೀತು. ಆದರೆ ಅಲ್ಲಿಟ್ಟ ಹಣಕ್ಕೆ ಠೇವಣಿ ವಿಮಾ ನಿಗಮದ ರಕ್ಷಣೆಯಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿಯುಳ್ಳ ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ, 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿಯವರೆಗಿನ ಹಣಕ್ಕೆ ವಿಮೆಯಿದೆ. ಬಡ್ಡಿ ಬೇಡವೆನ್ನುವವರಿಗೆ ಚಾಲ್ತಿ ಖಾತೆಯಿದೆ. ಅದಕ್ಕೂ ಈ ವಿಮೆ ಅನ್ವಯಿಸುತ್ತದೆ. ಕನಿಷ್ಠ ಶಿಲ್ಕು ಎಷ್ಟಿರಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ. ಪತಿ ಪತ್ನಿಯರಲ್ಲಿ ಯಾರು ಬೇಕಾದರೂ ಹಣ ತೆಗೆಯುವಂತೆ ಖಾತೆ ಜಂಟಿಯಾಗಿರಲಿ. ಯಜಮಾನನೇ ಹಾಸಿಗೆ ಹಿಡಿದ ದಿನ ಬ್ಯಾಂಕಿಗೆ ಹೋಗಬೇಕಾದವಳು ಪತ್ನಿ.